ಜಟೆ ಉಳಿಯಲಿ, ಹೇನು ಹೋಗಲಿ

ಪ್ರಶ್ನೆ: ನನಗೆ 28 ವರ್ಷ. ಬೆಂಗಳೂರಿನಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೇನೆ. ಐದು ವರ್ಷದಿಂದ ಡ್ರೆಡ್‌ಲಾಕ್ಸ್ (ಜಟೆ) ಬಿಟ್ಟಿದ್ದೇನೆ, ಈಗ ನಡುಬೆನ್ನಿನವರೆಗೆ ಬಂದಿವೆ. ದಸರಾ ರಜೆಗೆ ಅಕ್ಕ ಮತ್ತು ಅವಳ ಏಳು ವರ್ಷದ ಮಗಳು ನಮ್ಮ ಮನೆಗೆ ಬಂದಿದ್ದರು. ಮಗು ಎರಡು ವಾರ ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ಅವಳ ತಲೆ ತುಂಬ ಹೇನಿತ್ತು ಎಂದು ಊರಿಗೆ ಹೋದ ಮೇಲೆ ಅಕ್ಕ ಹೇಳಿದಳು. ಈಗ ಒಂದು ವಾರದಿಂದ ನನಗೂ ಕಿವಿ ಹಿಂದೆ, ಹಿಂದಲೆಯಲ್ಲಿ ವಿಪರೀತ ತುರಿಕೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಹೇನಿನ ಶಾಂಪೂವನ್ನು ಮೂರು ದಿನದ ಅಂತರದಲ್ಲಿ ಎರಡು ಸಲ ಹಾಕಿದೆ. ಜೊತೆಗೆ ಬಂದ ಬಾಚಣಿಗೆ ನನ್ನ ಕೂದಲಿಗೆ ಹೋಗುವುದೇ ಇಲ್ಲ. ಅಮ್ಮ ‘ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟು ಬಾ, ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ. ಬೋಳಿಸದೆ ಬೇರೆ ದಾರಿ ಇಲ್ವಾ ಡಾಕ್ಟ್ರೇ?

ಉತ್ತರ: ಇದೆ. ಐದು ವರ್ಷ ಬೆಳೆಸಿದ ಕೂದಲನ್ನು ಎರಡು ಮಿಲಿಮೀಟರಿನ ಹುಳುವಿಗಾಗಿ ಕಳೆದುಕೊಳ್ಳಬೇಕಾಗಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಚಣಿಗೆ ಹೋಗುವ ತಲೆಯಲ್ಲಿ ಒಂದು ದಿನ ತಪ್ಪಿದರೆ ಬಾಚಣಿಗೆ ಅದನ್ನು ಸರಿಮಾಡುತ್ತದೆ. ನಿಮ್ಮ ತಲೆಯಲ್ಲಿ ಆ ಅನುಕೂಲ ಇಲ್ಲ. ಬಾಚಣಿಗೆ ಮಾಡುವ ಕೆಲಸವನ್ನು ಕ್ಯಾಲೆಂಡರ್ ಕೈಲಿ ಮಾಡಿಸಬೇಕು. ಯಾವ ದಿನ ಔಷಧಿ ಅಂತ ಗೋಡೆಯ ಮೇಲೆ ಬರೆದುಕೊಂಡು ಅದೇ ದಿನ ಮಾಡಿದರೆ ಹೇನು ಹೋಗುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಚರ್ಮರೋಗ ಓದು ಮುಗಿಸಿದ ಹೊಸದರಲ್ಲಿ, ಸವದತ್ತಿ ಕಡೆಯ ಒಂದು ಹಳ್ಳಿಯ ಕ್ಯಾಂಪಿಗೆ ಹೋಗಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗನ್ನು ತಲೆತುಂಬ ಹೊದ್ದು ಬಂದು ಕೂತರು. ಸೆರಗು ಸರಿಸಿದರೆ ಹಗ್ಗದಷ್ಟು ದಪ್ಪದ ಮೂರು ಜಟೆ. ಕುತ್ತಿಗೆಯ ಹತ್ತಿರ ಹುಣ್ಣಾಗಿ ಕೀವು ಒಸರುತ್ತಿತ್ತು. ‘ಕತ್ರಿಸಬ್ಯಾಡ್ರಿ ಬಾಯಾರ, ಇದು ಅವ್ವನ ಜಡಿ. ಕೆರತ ಒಂದ್ ಕಡಿಮಿ ಮಾಡ್ರಿ ಸಾಕು’ ಅಂದರು. ಅವ್ವ ಅಂದರೆ ಎಲ್ಲಮ್ಮ. ನನ್ನ ಜೊತೆಗಿದ್ದ ಹಿರಿಯ ನರ್ಸ್ ಒಂದು ಮಾತೂ ಆಡದೆ ಟಾರ್ಚ್ ಹಿಡಿದು ಜಟೆಯ ಬುಡ ಎತ್ತಿ ತೋರಿಸಿದರು. ಬೆಳಕು ಬಿದ್ದ ಕೂಡಲೇ ಎಳ್ಳು ಚೆಲ್ಲಿದ ಹಾಗಿದ್ದ ಹೇನುಗಳು ಸರಸರ ಓಡಿ ಕತ್ತಲೆ ಕಡೆ ಸೇರಿಕೊಂಡವು. ಆದರೆ ಜಟೆಯ ನಡುವಿನಲ್ಲಿ, ತುದಿಯಲ್ಲಿ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ಎಲ್ಲ ಬುಡದಲ್ಲೇ. ಹುಣ್ಣಿಗೆ ಔಷಧಿ, ನೆತ್ತಿಗೆ ಲೋಷನ್, ವಾರ ಬಿಟ್ಟು ಮತ್ತೆ, ಇನ್ನೊಂದು ವಾರ ಬಿಟ್ಟು ಮತ್ತೆ. ಮೂರನೇ ಸಲ ನೋಡಿದಾಗ ನೆತ್ತಿ ಸ್ವಚ್ಛವಾಗಿತ್ತು. ಜಟೆ ಹಾಗೇ ಇತ್ತು.

ಇಲ್ಲೊಂದು ಮಾತು ಸೇರಿಸಲೇಬೇಕು. ನಿಮ್ಮದು ನೀವೇ ಇಷ್ಟಪಟ್ಟು ಬಿಟ್ಟ ಜಟೆ. ಉತ್ತರ ಕರ್ನಾಟಕದಲ್ಲಿ ಎಷ್ಟೋ ಹೆಂಗಸರಿಗೆ ಅದು ಇಷ್ಟಪಟ್ಟು ಬಂದದ್ದಲ್ಲ. ಹೇನು ಬಿದ್ದು, ಕೆರೆದು ಹುಣ್ಣಾಗಿ, ಕೀವು ಒಣಗಿ, ಬಾಚಲಾಗದೆ ಕೂದಲು ಗಂಟುಗಟ್ಟುತ್ತದೆ. ಅದನ್ನು ದೇವಿಯ ಕರೆ ಎಂದು ನಂಬಿಸಿ ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಟ್ಟ ಕಾಲವೂ ಇತ್ತು. ದೇವದಾಸಿ ಪದ್ಧತಿ ನಿಷೇಧಿಸಲು ನಮ್ಮ ರಾಜ್ಯ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಹೀಗೆ ಗಂಟುಗಟ್ಟಿದ ಕೂದಲಿಗೆ ವೈದ್ಯರು ಕೊಟ್ಟಿರುವ ಹೆಸರು ಪ್ಲೈಕಾ ಪೊಲೋನಿಕಾ. ಹಿಂದೆ ಪೋಲೆಂಡಿನ ಹಳ್ಳಿಗಳಲ್ಲೂ ಇದು ಸಾಮಾನ್ಯವಾಗಿತ್ತು, ಅಲ್ಲೂ ಕತ್ತರಿಸಿದರೆ ಕೇಡು ಎಂದು ಹೆದರುತ್ತಿದ್ದರು. ಅಂಥ ಜಟೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ನಿಮಗೆ ಬೇಡ ಅನ್ನಿಸಿದ ದಿನ ಕತ್ತರಿಸಿ. ಏನೂ ಆಗುವುದಿಲ್ಲ. ಇಟ್ಟುಕೊಳ್ಳಬೇಕು ಅನ್ನಿಸಿದರೆ ಅದನ್ನು ಉಳಿಸಿಕೊಂಡೇ ಹೇನು ತೆಗೆಯಬಹುದು. ಎರಡೂ ನಿಮ್ಮ ಇಷ್ಟ.

ಈಗ ನಿಮ್ಮ ತಲೆಗೆ ಬರೋಣ.

ಹೇನು ಬದುಕುವುದು ರಕ್ತದ ಮೇಲೆ. ದಿನಕ್ಕೆ ಹಲವು ಸಲ ನೆತ್ತಿಗೆ ಬಾಯಿ ಹಾಕದಿದ್ದರೆ ಅದು ಉಳಿಯುವುದಿಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಸೀರಿಗೂ ನೆತ್ತಿಯ ಬಿಸಿ ಬೇಕು. ಅದಕ್ಕೇ ಹೆಣ್ಣು ಹೇನು ನೆತ್ತಿಯಿಂದ ಆರು ಮಿಲಿಮೀಟರ್ ಒಳಗೇ, ಒಂದೊಂದು ಕೂದಲಿಗೆ ಒಂದೊಂದು ಸೀರನ್ನು ಅಂಟು ಹಾಕಿ ಕೂರಿಸುತ್ತದೆ. ಹಾಗಾಗಿ ನಿಮ್ಮ ಎರಡಡಿ ಉದ್ದದ ಜಟೆ ಹೇನಿಗೆ ಲೆಕ್ಕಕ್ಕೇ ಇಲ್ಲ. ಬಿಗಿಯಾಗಿ ನೇಯ್ದುಕೊಂಡ ಕೂದಲಿನೊಳಗೆ ಅದಕ್ಕೆ ಓಡಾಡಲೂ ಆಗದು, ಊಟವೂ ಸಿಗದು. ನಿಮ್ಮ ಜಗಳ ನೆತ್ತಿಯ ಚರ್ಮ ಮತ್ತು ಬುಡದ ಎರಡು ಬೆರಳು ಅಗಲದ ಹೊಸ ಕೂದಲಿನ ಜೊತೆ ಮಾತ್ರ.

‘ಜಟೆ ಇದ್ದವರಿಗೆ ಹೇನು ಆಗಲ್ಲ’ ಎಂದು ಡ್ರೆಡ್ಸ್ ಬಿಟ್ಟವರ ನಡುವೆ ಒಂದು ಮಾತಿದೆ. ಅದು ಅಮೆರಿಕದ ಅನುಭವದಿಂದ ಹುಟ್ಟಿದ್ದು. ಅಲ್ಲಿಯ ಕಪ್ಪು ಜನರ ಕೂದಲು ಅಡ್ಡ ಕತ್ತರಿಸಿ ನೋಡಿದರೆ ಚಪ್ಪಟೆ. ಅಲ್ಲಿಯ ಹೇನಿನ ಕಾಲಿನ ಕೊಕ್ಕೆ ದುಂಡು ಕೂದಲು ಹಿಡಿಯಲು ಹೊಂದಿಕೊಂಡದ್ದು. ಅದಕ್ಕೇ ಅಲ್ಲಿ ಅವರಲ್ಲಿ ಹೇನು ಕಡಿಮೆ. ಆಫ್ರಿಕಾದಲ್ಲಿ ಹಾಗೇನಿಲ್ಲ. ನಮ್ಮ ಕೂದಲಂತೂ ದುಂಡು. ಜಟೆ ಕಟ್ಟಿಕೊಂಡರೂ ಬುಡ ದುಂಡಾಗಿಯೇ ಬೆಳೆಯುತ್ತದೆ, ಅಲ್ವಾ? ಇನ್ನು ‘ಜಟೆ ಅಂದರೇನೇ ಹೇನಿನ ಗೂಡು’ ಅನ್ನುವುದೂ ಅಷ್ಟೇ ಸುಳ್ಳು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ಕೊಳೆಯಿಂದ ಹುಟ್ಟುವುದಿಲ್ಲ. ತಲೆಗೆ ತಲೆ ತಾಗಿದಾಗ ನಡೆದು ಬರುತ್ತದೆ. ಅಕ್ಕನ ಮಗಳು ಪಕ್ಕದಲ್ಲಿ ಮಲಗಿದ್ದಳು, ಬಂತು. ಇದರಲ್ಲಿ ನಾಚಿಕೆ ಪಡುವಂಥದ್ದು ನಿಮಗೂ ಇಲ್ಲ, ಆ ಮಗುವಿಗೂ ಇಲ್ಲ.

ನಿಮ್ಮ ತುರಿಕೆ ಶುರುವಾಗಿ ಒಂದು ವಾರ ಅಂದಿರಿ. ಮೊದಲ ಸಲ ಹೇನು ಆದವರಿಗೆ ತುರಿಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೇನಿನ ಜೊಲ್ಲಿಗೆ ಮೈ ಸಿಟ್ಟಾಗಲು ಅಷ್ಟು ಸಮಯ ಬೇಕು. ಅಂದರೆ ಹೇನು ರಜೆಯಲ್ಲೇ ಬಂದಿರಬಹುದು. ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನಿಮ್ಮ ಅಮ್ಮನಿಗೆ ತುರಿಕೆ ಇಲ್ಲ ಎಂದ ಮಾತ್ರಕ್ಕೆ ಅವರ ತಲೆಯಲ್ಲಿ ಹೇನಿಲ್ಲ ಎನ್ನುವಂತಿಲ್ಲ. ಅವರದ್ದನ್ನೂ ನೋಡಿ.

ನೋಡುವುದು ಅಂದೆ. ಔಷಧಿಗಿಂತ ಮೊದಲು ಅದು ಆಗಬೇಕು. ಜಟೆಯವರಿಗೆ ತುರಿಕೆಗೆ ಬೇರೆ ಕಾರಣಗಳೂ ಇರುತ್ತವೆ. ಹೊಟ್ಟು ಇರಬಹುದು, ಸರಿಯಾಗಿ ತೊಳೆಯದೆ ಉಳಿದ ಶಾಂಪೂ ಇರಬಹುದು, ವ್ಯಾಕ್ಸ್ ಕಟ್ಟಿಕೊಂಡಿರಬಹುದು. ಬಿಗಿಯಾಗಿ ರಿಟ್ವಿಸ್ಟ್ (ಬುಡದ ಹೊಸ ಕೂದಲನ್ನು ತಿರುಚಿ ಜಟೆಗೆ ಸೇರಿಸುವುದು) ಮಾಡಿಸಿದ್ದರೆ ಬುಡ ಉರಿಯುತ್ತದೆ. ಬೆಳಿಗ್ಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಬೇರೆಯವರ ಕೈಯಲ್ಲಿ ಟಾರ್ಚ್ ಮತ್ತು ಭೂತಗನ್ನಡಿ ಕೊಡಿ. ಜಟೆಗಳನ್ನು ಒಂದೊಂದಾಗಿ ಎತ್ತಿ, ಮೊದಲು ಕಿವಿಯ ಹಿಂದೆ, ಆಮೇಲೆ ಕುತ್ತಿಗೆಯ ಅಂಚು, ಕೊನೆಗೆ ನೆತ್ತಿ ನೋಡಲಿ. ಬಿಳಿ ಚುಕ್ಕೆ ಕಂಡರೆ ಊದಿ ನೋಡಿ. ಹೊಟ್ಟಾದರೆ ಹಾರಿಹೋಗುತ್ತದೆ. ಉಗುರಿನಿಂದ ಎಳೆದಾಗ ಕೂದಲಿನ ಉದ್ದಕ್ಕೂ ಬಳೆಯ ಹಾಗೆ ಜಾರಿ ಬಂದರೆ ಅದು ಕೂದಲಿಗೆ ಸುತ್ತಿಕೊಂಡ ಸತ್ತ ಚರ್ಮ. ಸೀರು ಮಾತ್ರ ಕೂದಲಿನ ಒಂದು ಪಕ್ಕಕ್ಕೆ ಓರೆಯಾಗಿ, ಅಕ್ಕಿ ನುಚ್ಚನ್ನು ಅಂಟಿಸಿದ ಹಾಗೆ ಕೂತಿರುತ್ತದೆ, ಜಗ್ಗುವುದಿಲ್ಲ. ಆದರೂ ಸೀರು ಕಂಡರೆ ಸಾಲದು. ಓಡಾಡುವ ಹೇನು ಒಂದಾದರೂ ಕಂಡರೆ ಮಾತ್ರ ಖಾತ್ರಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರ ಇರುವ ಸೀರು ಹೆಚ್ಚುಕಡಿಮೆ ಯಾವಾಗಲೂ ಖಾಲಿ ಚಿಪ್ಪು.

ಎರಡು ಸಲ ಶಾಂಪೂ ಹಾಕಿಯೂ ಯಾಕೆ ಹೋಗಲಿಲ್ಲ? ಮೂರು ಕಾರಣ ಇರಬಹುದು. ಶಾಂಪೂ ಜಟೆಯ ಮೇಲೆಯೇ ಹೀರಿಹೋಗಿ ನೆತ್ತಿಗೆ ಇಳಿಯದೇ ಇದ್ದಿರಬಹುದು. ಸಾಮಾನ್ಯವಾಗಿ ಕೊಡುವ ಪರ್ಮೆಥ್ರಿನ್ ಔಷಧಿಗೆ ಎಷ್ಟೋ ಕಡೆಯ ಹೇನುಗಳು ಈಗ ಬಗ್ಗುತ್ತಿಲ್ಲ, ಅದೂ ಇರಬಹುದು. ಮೂರನೆಯದು ನಿಮ್ಮ ಮೂರು ದಿನದ ಅಂತರ. ಹೆಚ್ಚಿನ ಔಷಧಿಗಳು ಓಡಾಡುವ ಹೇನನ್ನು ಕೊಲ್ಲುತ್ತವೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಇಂದು ಇಟ್ಟ ಸೀರು ಒಡೆಯಲು ವಾರದಿಂದ ಹತ್ತು ದಿನ ಬೇಕು. ನೀವು ಎರಡನೇ ಸಲ ಹಾಕಿದಾಗ ಬಹಳಷ್ಟು ಸೀರು ಇನ್ನೂ ಒಡೆದೇ ಇರಲಿಲ್ಲ. ಆ ಶಾಂಪೂ ಸುಮ್ನೆ ಹೋಯಿತು. ಹೊರಬಂದ ಮರಿ ಹೇನು ದೊಡ್ಡದಾಗಿ ತಾನು ಸೀರಿಡಲು ಇನ್ನೂ ಒಂದು ವಾರದ ಮೇಲೆ ಬೇಕು. ಸೀರು ಒಡೆದ ಮೇಲೆ, ಮರಿ ಬಲಿಯುವ ಮೊದಲು ಹೊಡೆಯಬೇಕು. ಇಡೀ ಲೆಕ್ಕ ಇರುವುದು ಇಷ್ಟರಲ್ಲೇ.

ನಿಮ್ಮ ಸ್ಥಿತಿಯಲ್ಲಿ ನಾನು ಮೊದಲು ಯೋಚಿಸುವುದು ಮಾತ್ರೆಯನ್ನು. ಐವರ್ಮೆಕ್ಟಿನ್. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರ ಕಿವಿಗೂ ಬಿದ್ದಿತ್ತು. ಜಪಾನಿನ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿಯಿಂದ ಬಂದ ಔಷಧಿ ಇದು. ಅದನ್ನು ಕಂಡುಹಿಡಿದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಮಾತ್ರೆ ನುಂಗಿದ ಮೇಲೆ ಔಷಧಿ ನಿಮ್ಮ ರಕ್ತದಲ್ಲಿರುತ್ತದೆ, ಹೇನು ಕಚ್ಚಿದರೆ ಅದಕ್ಕೆ ಹೋಗುತ್ತದೆ. ಕೂದಲು ಜಟೆಯೋ ಜಡೆಯೋ ಅದಕ್ಕೆ ಸಂಬಂಧವೇ ಇಲ್ಲ. ಜಟೆಗೆ ಅಂಟು, ಜಿಡ್ಡು ಏನೂ ತಾಗುವುದಿಲ್ಲ. ಬೇರೆ ಔಷಧಿಗೆ ಬಗ್ಗದ ಹೇನಿದ್ದ ಮನೆಗಳಲ್ಲಿ ನಡೆಸಿದ ಒಂದು ದೊಡ್ಡ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ವಾರದ ಅಂತರದಲ್ಲಿ ಎರಡು ಸಲ ಐವರ್ಮೆಕ್ಟಿನ್ ನುಂಗಿದವರಲ್ಲಿ ನೂರಕ್ಕೆ 95 ಜನರ ತಲೆ 15ನೇ ದಿನಕ್ಕೆ ಸ್ವಚ್ಛವಾಗಿತ್ತು. ಮ್ಯಾಲಥಿಯಾನ್ ಲೋಷನ್ ಹಚ್ಚಿದವರಲ್ಲಿ ನೂರಕ್ಕೆ 85.

ಆದರೆ ಇದು ನೀವೇ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಮಾತ್ರೆ ಅಲ್ಲ. ಎಷ್ಟು ಎನ್ನುವುದು ಮೈತೂಕದ ಲೆಕ್ಕ. ಬಸುರಿಯರಿಗೆ ಕೊಡುವುದಿಲ್ಲ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕೊಡುವುದಿಲ್ಲ. ಹಾಲೂಡಿಸುವವರು, ಲಿವರ್ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಹತ್ತಿರದ ಚರ್ಮರೋಗ ವೈದ್ಯರ ಬಳಿ ಹೋಗಿ, ‘ಬಾಚಣಿಗೆ ಹೋಗಲ್ಲ, ಎರಡು ಸಲ ಶಾಂಪೂ ಹಾಕಿ ಆಯ್ತು’ ಎಂದು ನೇರವಾಗಿ ಹೇಳಿ. ಕೊಟ್ಟರೆ ಮೊದಲ ಡೋಸ್ ಇಂದು, ಎರಡನೆಯದು ಎಂಟನೇ ದಿನ. ಎರಡನೆಯದನ್ನು ‘ಈಗ ಆರಾಮ ಇದೆ’ ಎಂದು ಬಿಡುವವರೇ ಜಾಸ್ತಿ. ಮೊದಲ ಡೋಸಿಗೆ ಸೀರು ಸಾಯುವುದಿಲ್ಲ. ಆಮೇಲೆ ಒಡೆದ ಮರಿಗಳಿಗಾಗಿಯೇ ಎರಡನೆಯದು ಇರುವುದು. ಬಿಡಬೇಡಿ.

ಮಾತ್ರೆ ನಿಮಗೆ ಆಗದು ಅಂದರೆ ಲೋಷನ್. ಪರ್ಮೆಥ್ರಿನ್ ಒಂದು ಪರ್ಸೆಂಟಿನದು ಇದೆ. ಐವರ್ಮೆಕ್ಟಿನ್ ಅರ್ಧ ಪರ್ಸೆಂಟಿನದು ಇದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಎಣ್ಣೆಯೂ ಇದೆ. ಅದು ವಿಷ ಅಲ್ಲ, ಹೇನಿನ ಮೈಯನ್ನು ಮುಚ್ಚಿ ಕೊಲ್ಲುತ್ತದೆ, ಹಾಗಾಗಿ ವಿಷಕ್ಕೆ ಬಗ್ಗದ ಹೇನೂ ಇದಕ್ಕೆ ಬಗ್ಗುತ್ತದೆ. ಆದರೆ ಜಟೆಯಿಂದ ಆ ಜಿಡ್ಡು ಹೋಗಲು ನಾಲ್ಕೈದು ಸಲ ತೊಳೆಯಬೇಕು. ಪರ್ಮೆಥ್ರಿನ್ ಕ್ರೀಮ್ ಕಂಡೀಷನರ್ ಥರ ಇರುತ್ತದೆ, ಬುಡದ ಹೊಸ ಕೂದಲು ಸ್ವಲ್ಪ ಸಡಿಲ ಆಗುತ್ತದೆ. ಐದು ವರ್ಷದ ಜಟೆಗೆ ಅದರಿಂದ ಏನೂ ಆಗದು. ಇನ್ನೂ ಒಂದೆರಡು ತಿಂಗಳ ಹೊಸ ಜಟೆ ಆಗಿದ್ದರೆ ಮಾತ್ರ ಬಿಡಿಸಿ, ಹೇನು ತೆಗೆದು, ಮತ್ತೆ ಕಟ್ಟಿಕೊಳ್ಳುವುದು ಒಳ್ಳೆಯದು.

ಯಾವುದೇ ಲೋಷನ್ ಇರಲಿ, ಜಟೆಗೆ ಹಚ್ಚುವ ರೀತಿ ಬೇರೆ. ಪ್ಯಾಕೆಟ್ಟಿನ ಮೇಲೆ ಇದನ್ನು ಬರೆದಿರುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಬಿಸಿಲಿರುವ ರಜಾ ದಿನ ಆರಿಸಿಕೊಳ್ಳಿ, ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ. ಇನ್ನೊಬ್ಬರ ಕೈ ಬೇಕೇ ಬೇಕು. ಹಿಂದಲೆ ನಿಮಗೇ ಕಾಣುವುದಿಲ್ಲ. ಪಾರ್ಲರುಗಳಲ್ಲಿ ಡೈ ಹಚ್ಚಲು ಉದ್ದ ಮೂತಿಯ ಪ್ಲಾಸ್ಟಿಕ್ ಬಾಟಲಿ ಇಟ್ಟಿರುತ್ತಾರಲ್ಲ, ಅಂಥದ್ದೊಂದು ತನ್ನಿ. ಔಷಧಿಯನ್ನು ಅದಕ್ಕೆ ಸುರಿದುಕೊಳ್ಳಿ. ಜಟೆಗಳ ಉದ್ದ ಭಾಗವನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಇಲ್ಲದಿದ್ದರೆ ಔಷಧಿ ಎಲ್ಲ ಸ್ಪಂಜಿನ ಹಾಗೆ ಜಟೆಗೇ ಹೀರಿಹೋಗುತ್ತದೆ, ನೆತ್ತಿಗೆ ಉಳಿಯುವುದಿಲ್ಲ. ನಿಮ್ಮ ಶಾಂಪೂವಿಗೂ ಬಹುಶಃ ಹೀಗೇ ಆಗಿದೆ.

ಜಟೆ ಕಟ್ಟಿದ ತಲೆಯನ್ನು ಮೇಲಿನಿಂದ ನೋಡಿದರೆ ಭತ್ತದ ಗದ್ದೆ ಇದ್ದ ಹಾಗೆ ಇರುತ್ತದೆ. ಒಂದೊಂದು ಜಟೆಗೆ ಒಂದೊಂದು ಚೌಕ, ನಡುವೆ ಬದುವಿನ ಹಾಗೆ ಬಿಳಿ ಗೆರೆ. ಬಾಟಲಿಯ ಮೂತಿಯನ್ನು ಆ ಬದುವಿನ ಮೇಲೆ ಇಟ್ಟು ಎಳೆಯುತ್ತಾ ಹೋಗಬೇಕು. ಅಡ್ಡ ಸಾಲು ಮುಗಿದ ಮೇಲೆ ಉದ್ದ ಸಾಲು. ಪ್ರತಿ ಚೌಕವನ್ನೂ ಬೆರಳ ತುದಿಯಿಂದ ತಿಕ್ಕಿ, ಜಟೆಯ ಬುಡವನ್ನು ಹಿಂಡಿ, ಒಳಗಿನವರೆಗೆ ಇಳಿಸಬೇಕು. ಕುತ್ತಿಗೆ ಅಂಚಿನಲ್ಲಿ, ಕಿವಿ ಹಿಂದೆ, ಹಣೆಯ ಅಂಚಿನ ಬಿಡಿ ಕೂದಲಿನಲ್ಲಿ ನಿಧಾನವಾಗಿ ಮಾಡಿ. ಆ ಬಿಡಿ ಕೂದಲಿಗೆ ಬಾಚಣಿಗೆ ಹೋಗುತ್ತದೆ, ಅಲ್ಲಿ ಬಾಚಿ. ನೂರು ಜಟೆಯ ತಲೆಗೆ ಇದೆಲ್ಲ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಹತ್ತು ನಿಮಿಷ ಇಡಬೇಕಾದ ಔಷಧಿಯಾದರೆ ತಲೆಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಹಚ್ಚಿ, ಕಾದು, ತೊಳೆದು, ಮುಂದಿನ ಪಾಲಿಗೆ ಹೋಗಬೇಡಿ. ಇನ್ನೂ ಹಚ್ಚದ ಕಡೆಯ ಹೇನು ತೊಳೆದ ಕಡೆಗೆ ಓಡುತ್ತದೆ. ಇಬ್ಬರು ಕೂತು ಎರಡೂ ಕಡೆಯಿಂದ ಬೇಗ ಹಚ್ಚಿ, ಕೊನೆಯ ಸಾಲು ಮುಗಿದ ಮೇಲೆ ಗಡಿಯಾರ ನೋಡಿ. ಕಣ್ಣಿಗೆ ಒಣ ಟವೆಲ್ ಹಿಡಿದುಕೊಂಡಿರಿ.

ತೊಳೆಯುವಾಗ ಶವರ್ ಕೆಳಗೆ ನಿಲ್ಲಬೇಡಿ, ಔಷಧಿ ಮೈಮೇಲೆಲ್ಲ ಹರಿಯುತ್ತದೆ. ಬಗ್ಗಿ, ಉಗುರು ಬೆಚ್ಚಗಿನ ನೀರಿನಿಂದ ತಲೆ ಮಾತ್ರ ತೊಳೆಯಿರಿ. ಆಮೇಲೆ ಒಂದೊಂದೇ ಜಟೆಯನ್ನು ಹಳೆ ಹತ್ತಿ ಪಂಚೆಯಲ್ಲಿ ಒತ್ತಿ ಹಿಂಡಿ. ಹೊರಗೆ ಒಣಗಿದ ಜಟೆ ಒಳಗೆ ಸಂಜೆಯವರೆಗೂ ಹಸಿಯಾಗಿರುತ್ತದೆ. ಹಸಿ ಜಟೆಯ ಮೇಲೆ ಮಲಗಿದರೆ ಮುಗ್ಗಲು ವಾಸನೆ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಎಂದದ್ದು ಅದಕ್ಕೇ. ಮುಂದಿನ ಒಂದೆರಡು ದಿನ ತಲೆಗೆ ನೀರು ಹಾಕಬೇಡಿ.

ಲೋಷನ್ ಆದರೆ ಬಾಚಣಿಗೆ ಇಲ್ಲದ ತಲೆಗೆ ಮೂರು ಸುತ್ತು ಬೇಕು: ಮೊದಲ ದಿನ, ಏಳು ದಿನ ಬಿಟ್ಟು, ಅದಾಗಿ ಮತ್ತೆ ಏಳು ದಿನ ಬಿಟ್ಟು. ಮೊದಲ ಸುತ್ತಾದ ಮರುದಿನ ಟಾರ್ಚ್ ಹಿಡಿದು ನೋಡಿ. ಹೇನು ಇದ್ದರೂ ಮಂಕಾಗಿ ನಿಧಾನವಾಗಿ ಹರಿದಾಡುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ, ಕಾಯಿರಿ. ಮೊದಲಿನ ಹಾಗೇ ಚುರುಕಾಗಿ ಓಡುತ್ತಿದ್ದರೆ ಆ ಔಷಧಿಗೆ ನಿಮ್ಮ ಹೇನು ಬಗ್ಗುವುದಿಲ್ಲ. ಅದನ್ನೇ ಮತ್ತೆ ಮತ್ತೆ ಹಾಕದೆ ಬೇರೆ ಬಗೆಯದಕ್ಕೆ ಹೋಗಿ.

ಇನ್ನು ಮಾಡಬಾರದ್ದು. ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ಬರಬಾರದು. ಜಟೆ ಅಂದರೆ ದೀಪದ ಬತ್ತಿ ಇದ್ದ ಹಾಗೆ, ಒಮ್ಮೆ ಹೀರಿದ್ದನ್ನು ಬಿಡುವುದಿಲ್ಲ. ಗ್ಯಾಸ್ ಸ್ಟವ್ ಮುಂದೆ ಬಗ್ಗಿದರೆ ಸಾಕು. ಡೈಮೆಥಿಕೋನ್, ಮ್ಯಾಲಥಿಯಾನ್ ಹಚ್ಚಿದಾಗಲೂ ಬೆಂಕಿ, ಸಿಗರೇಟು, ಊದುಬತ್ತಿ, ಹೇರ್ ಡ್ರೈಯರ್ ದೂರ ಇರಲಿ. ಸೀತಾಫಲದ ಬೀಜ ಅರೆದು ಹಚ್ಚುವುದು ನಮ್ಮ ಕಡೆ ಬಹಳ ಹಳೆಯ ಮದ್ದು. ಹೇನು ಸಾಯುತ್ತದೆ, ನಿಜ. ಆದರೆ ಆ ಪುಡಿಯ ಒಂದು ಕಣ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಲಿದು ಹೋಗುತ್ತದೆ. ರಾತ್ರಿಯೆಲ್ಲ ಕಣ್ಣು ಬಿಡಲಾಗದೆ ಅಳುತ್ತಾ ಬಂದವರನ್ನು ನಾನೇ ಕಣ್ಣಿನ ವಾರ್ಡಿಗೆ ಕಳಿಸಿದ್ದೇನೆ. ಜಟೆಯಲ್ಲಿ ಸಿಕ್ಕಿಕೊಂಡ ಪುಡಿ ಪ್ರತಿ ಸ್ನಾನಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಅದಕ್ಕೇ ನಿಮಗೆ ಇನ್ನೂ ಅಪಾಯ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಮಕ್ಕಳ ತಲೆಗೆ ಹಚ್ಚುವುದನ್ನು ದಯವಿಟ್ಟು ಬಿಡಿ. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ, ಇರುವೆ ಪುಡಿ, ಜಿರಲೆ ಸ್ಪ್ರೇ ಇವುಗಳ ಮಾತೇ ಬೇಡ. ಹಿಂದೆ ಕೊಡುತ್ತಿದ್ದ ಗಾಮಾ ಬೆಂಜೀನ್ ಲೋಷನ್ ಮೆದುಳು, ನರಕ್ಕೆ ಕೆಟ್ಟದ್ದು, ಮನೆಯಲ್ಲಿ ಹಳೆ ಬಾಟಲಿ ಇದ್ದರೂ ಹಚ್ಚಬೇಡಿ.

ಬರೀ ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಹಾಕಿ ಕವರ್ ಕಟ್ಟಿ ಮಲಗುವವರಿದ್ದಾರೆ. ಬಾಚುವ ಕೂದಲಿಗೆ ಎಣ್ಣೆ ಉಪಯೋಗವೇ, ಹೇನು ನಿಧಾನವಾಗುತ್ತದೆ, ಬಾಚಣಿಗೆಗೆ ಸಿಗುತ್ತದೆ. ಜಟೆಯಲ್ಲಿ ಆ ಎಣ್ಣೆ ಒಳಗೇ ಉಳಿದು ಕಮಟು ಹಿಡಿಯುತ್ತದೆ, ಹೇನೂ ಪೂರ್ತಿ ಸಾಯದು. ಗೋಕರ್ಣಕ್ಕೆ ಹೋಗಿ ಸಮುದ್ರದಲ್ಲಿ ಮುಳುಗಿ ಕೂತರೆ ಸಾಯುತ್ತೆ ಎಂದು ಒಬ್ಬ ಹುಡುಗ ನನ್ನ ಬಳಿ ವಾದ ಮಾಡಿದ್ದ. ಹೇನು ನೀರಿನಲ್ಲಿ ಉಸಿರಿನ ತೂತು ಮುಚ್ಚಿಕೊಂಡು ಗಂಟೆಗಟ್ಟಲೆ ಬದುಕಿರುತ್ತದೆ. ಉಪ್ಪುನೀರಾದರೂ ಅಷ್ಟೇ, ಸ್ವಿಮ್ಮಿಂಗ್ ಪೂಲ್ ಆದರೂ ಅಷ್ಟೇ.

ಈಗ ಮನೆಯವರು. ನಿಮ್ಮ ತಲೆ ಎಷ್ಟು ಸ್ವಚ್ಛ ಮಾಡಿದರೂ, ಊರಲ್ಲಿ ಅಕ್ಕನ ಮಗಳ ತಲೆ ಹಾಗೇ ಇದ್ದರೆ ಬೇಸಿಗೆ ರಜೆಗೆ ಮತ್ತೆ ಬರುತ್ತದೆ. ಅಕ್ಕನಿಗೆ ಇಂದೇ ಫೋನ್ ಮಾಡಿ. ಮಗುವಿಗೆ ದಾರಿ ಸುಲಭ. ಲೋಷನ್ ಎರಡು ಸಲ, ಜೊತೆಗೆ ಎರಡು ದಿನಕ್ಕೊಮ್ಮೆ ಒದ್ದೆ ಕೂದಲನ್ನು ಸೀರಣಿಗೆಯಲ್ಲಿ ಬಾಚುವುದು, ಎರಡು ಮೂರು ವಾರ. ಸೀರು ತೆಗೆಯುವ ಹಣಿಗೆಯೇ ಸೀರಣಿಗೆ, ಕೆಲಸವೇ ಅದರ ಹೆಸರು. ಹೇನು, ಬಾಚಣಿಗೆಯ ಈ ನಂಟು ಎಷ್ಟು ಹಳೆಯದು ಗೊತ್ತಾ? ಇಸ್ರೇಲಿನ ಲಾಕಿಷ್‌ನಲ್ಲಿ 2016ರಲ್ಲಿ ದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು, ಸುಮಾರು 3700 ವರ್ಷ ಹಳೆಯದು. ಅದರ ಮೇಲೆ ಕೊರೆದಿದ್ದ ಹದಿನೇಳು ಅಕ್ಷರಗಳನ್ನು ಓದಿ ನೋಡಿದರೆ, ಈ ದಂತವು ತಲೆ ಮತ್ತು ಗಡ್ಡದ ಹೇನನ್ನು ತೆಗೆಯಲಿ ಎಂಬ ಹಾರೈಕೆ. ನಮ್ಮಜ್ಜಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ನನ್ನನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ಹೆಬ್ಬೆರಳ ಉಗುರಿನ ಮೇಲೆ ಹೇನಿಟ್ಟು ಚಟ್ ಅನ್ನಿಸುತ್ತಿದ್ದರು. ಅವರು ಮಾಡುತ್ತಿದ್ದದ್ದು ಸರಿಯಾದ ಚಿಕಿತ್ಸೆಯೇ. ಮಗುವನ್ನು ಶಾಲೆ ಬಿಡಿಸಬೇಡಿ ಎಂದೂ ಅಕ್ಕನಿಗೆ ಹೇಳಿ. ಎರಡು ಜಡೆ ಬಿಗಿಯಾಗಿ ಹೆಣೆದು ಕಳಿಸಿದರೆ ಸಾಕು.

ಮನೆಯಲ್ಲಿ ಎಲ್ಲರ ತಲೆ ನೋಡಿ, ಹೇನು ಇದ್ದವರೆಲ್ಲ ಒಂದೇ ದಿನ ಔಷಧಿ ಹಾಕಿಕೊಳ್ಳಿ. ಕಳೆದ ಎರಡು ದಿನ ಬಳಸಿದ ದಿಂಬಿನ ಕವರ್, ಟವೆಲ್, ಟೋಪಿಯನ್ನು ಚೆನ್ನಾಗಿ ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಆಯಿತು. ಹೆಲ್ಮೆಟ್ ಮತ್ತು ನಿಮ್ಮ ಸ್ಟುಡಿಯೋದ ಹೆಡ್‌ಫೋನ್‌ಗಳನ್ನು ಎರಡು ದಿನ ಯಾರೂ ಮುಟ್ಟದೆ ಪಕ್ಕಕ್ಕಿಡಿ. ಹಾಸಿಗೆ, ಸೋಫಾಕ್ಕೆಲ್ಲ ವಿಷ ಸಿಂಪಡಿಸುವುದು ಬೇಡ.

ಔಷಧಿ ಮುಗಿದ ಮೇಲೂ ಒಂದೆರಡು ವಾರ ತುರಿಕೆ ಇರುತ್ತದೆ. ಚರ್ಮ ಸಮಾಧಾನವಾಗಲು ಅಷ್ಟು ಬೇಕು. ತುರಿಕೆ ಇದೆ ಎಂದು ಮತ್ತೆ ಔಷಧಿ ಹಚ್ಚಬೇಡಿ, ಟಾರ್ಚ್ ಹಿಡಿದು ನೋಡಿ ಆಮೇಲೆ ತೀರ್ಮಾನ ಮಾಡಿ. ನೆತ್ತಿಯಲ್ಲಿ ಕೀವು, ಕುತ್ತಿಗೆ ಹಿಂದೆ ಗಡ್ಡೆ, ಜ್ವರ ಕಂಡರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ, ಅದಕ್ಕೆ ಬೇರೆ ಮಾತ್ರೆ ಬೇಕು.

ಖಾಲಿ ಸೀರುಗಳ ವಿಷಯ ಒಂದು ಉಳಿಯಿತು. ಬಾಚಿ ತೆಗೆಯಲಾಗದ ಕಾರಣ ಅವು ಕೂದಲಿಗೆ ಅಂಟಿಕೊಂಡೇ ಇರುತ್ತವೆ. ಕೂದಲು ಬೆಳೆದ ಹಾಗೆ ಜಟೆಯೊಳಗೆ ಸೇರಿ ಕೆಳಗಿಳಿಯುತ್ತವೆ. ಇನ್ನೊಂದು ವರ್ಷಕ್ಕೆ ಬುಡದಿಂದ ಅರ್ಧ ಗೇಣು ಕೆಳಗೆ, ಜಟೆಯ ಒಳಗೆ ಬಿಳಿ ಚುಕ್ಕೆ ಕಂಡರೆ ಹೆದರಬೇಡಿ. ಅದು ಒಡೆದ ಚಿಪ್ಪು, ಅದರಿಂದ ಏನೂ ಹುಟ್ಟುವುದಿಲ್ಲ. ವಿನೆಗರ್ ಹಾಕಿ ಕರಗಿಸಲು ಹೋಗಬೇಡಿ, ಆ ಅಂಟು ಅದಕ್ಕೆ ಬಿಡುವುದಿಲ್ಲ. ಬುಡದ ಹತ್ತಿರ ಕಾಣುವ ಸೀರನ್ನು ಮಾತ್ರ ಉಗುರಿನಿಂದ ಎಳೆದು ತೆಗೆಯಿರಿ, ಅಮ್ಮನ ಕೈಲಿ ತೆಗೆಸಿಕೊಳ್ಳಿ. ಅವರನ್ನು ಈ ಕೆಲಸಕ್ಕೆ ಜೊತೆ ಮಾಡಿಕೊಂಡರೆ ಮುಡಿ ಕೊಡುವ ಮಾತು ತಾನಾಗಿ ಕಡಿಮೆ ಆಗಬಹುದು. ಧರ್ಮಸ್ಥಳಕ್ಕೆ ಇಬ್ಬರೂ ಹೋಗಿ ಬನ್ನಿ, ಮುಡಿ ಕೊಡದೆಯೂ ದರ್ಶನ ಆಗುತ್ತದೆ.

ಕೊನೆಯ ಸುತ್ತಾದ ಮೇಲೆ ಎರಡು ವಾರ, ಮೂರು ದಿನಕ್ಕೊಮ್ಮೆ ಟಾರ್ಚ್ ಹಿಡಿಸಿ ನೋಡಿಸಿಕೊಳ್ಳಿ. ಅಲ್ಲಿಯವರೆಗೆ ಬುಡ ಎಷ್ಟೇ ಕೆದರಿದರೂ ರಿಟ್ವಿಸ್ಟ್ ಮಾಡಿಸಬೇಡಿ. ಬದುಕಿರುವ ಸೀರನ್ನು ಒಳಗೆ ಸೇರಿಸಿ ತಿರುಚಿದರೆ ಮುಂದಿನ ಔಷಧಿ ಅದನ್ನು ಮುಟ್ಟುವುದಿಲ್ಲ. ಎರಡು ವಾರ ಒಂದೂ ಹೇನು ಕಾಣದಿದ್ದರೆ ಹೋಗಿ ಮಾಡಿಸಿ. ಜಟೆ ಹೆಣೆಯುವ ಕ್ರೋಶಾ ಕಡ್ಡಿ, ಕ್ಲಿಪ್ಪುಗಳನ್ನು ರಿಟ್ವಿಸ್ಟ್ ಮಾಡುವವರು ಬಿಸಿನೀರಿನಲ್ಲಿ ತೊಳೆದಿದ್ದಾರಾ ಎಂದು ಕೇಳಿ, ಇಲ್ಲ ಅಂದರೆ ನಿಮ್ಮದೇ ಒಂದು ಕಡ್ಡಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.